ಚಿಮಣಿಯ ವಾರ್ಷಿಕ ಲೆಕ್ಕ ನಮ್ಮ ಮೊಹಲ್ಲಾಕ್ಕೂ ಬರಲಿ

ನಿಮ್ಮ ಮನೆಗೆ ಪ್ರತಿ ತಿಂಗಳು ಕರೆಂಟ್ ಬಿಲ್ ಬರುತ್ತದೆ. ಎಷ್ಟು ಯೂನಿಟ್ ಖರ್ಚಾಯಿತು, ಹೋದ ತಿಂಗಳಿಗಿಂತ ಎಷ್ಟು ಹೆಚ್ಚಾಯಿತು ಎಂದು ನೀವು ನೋಡುತ್ತೀರಿ. ಜಾಸ್ತಿ ಬಂದಿದ್ದರೆ ಮನೆಯಲ್ಲಿ ವಿಚಾರಣೆಯೇ ನಡೆಯುತ್ತದೆ. ಗೀಸರ್ ಆರಿಸದೆ ಹೋದದ್ದು ಯಾರು, ಫ್ಯಾನ್ ಬಿಟ್ಟು ಹೋದದ್ದು ಯಾರು? ಹಾಲಿನ ಲೆಕ್ಕ, ರೇಶನ್ ಲೆಕ್ಕ, ಮಕ್ಕಳ ಫೀಸಿನ ಲೆಕ್ಕ, ಎಲ್ಲವೂ ಮನೆಯೊಡತಿಯ ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ಒಂದು ಲೆಕ್ಕವನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ. ನಿಮ್ಮ ಊರ ಪಕ್ಕದ ಕಾರ್ಖಾನೆಯ ಚಿಮಣಿಯಿಂದ ಕಳೆದ ಒಂದು ವರ್ಷದಲ್ಲಿ ಎಷ್ಟು ಟನ್ ಧೂಳು, ಎಷ್ಟು ಟನ್ ಗಂಧಕದ ಅನಿಲ ಹೊರಗೆ ಬಿತ್ತು?

ಯಾರಿಗೆ ಗೊತ್ತು ಎನ್ನುತ್ತೀರಿ. ಗೊತ್ತಿರಬೇಕಾದವರಿಗೆ ಗೊತ್ತಿದೆ. ಈ ಲೆಕ್ಕವನ್ನು ಕಾರ್ಖಾನೆಯವರು ಪ್ರತಿ ವರ್ಷ ಬರೆದು ಸರ್ಕಾರಕ್ಕೆ ಕೊಡಲೇಬೇಕೆಂದು ಕಾನೂನಿದೆ. ಆ ಕಾಗದ ಕಾರ್ಖಾನೆಯ ಕಚೇರಿಯಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಹೋಗುತ್ತದೆ. ಆ ಗಾಳಿಯನ್ನು ಉಸಿರಾಡುವ ನಮ್ಮ ಕೈಗೆ ಅದು ಬರುವುದಿಲ್ಲ. ನಾವೂ ಕೇಳುವುದಿಲ್ಲ. ಕೇಳಬೇಕು ಎಂಬುದೇ ಈ ಲೇಖನದ ಮಾತು.

ಸೆಪ್ಟೆಂಬರ್ 30ರೊಳಗೆ ಕೊಡಬೇಕಾದ ಕಾಗದ

ಹೊಗೆ ಬಿಡುವ ಯಾವ ಕಾರ್ಖಾನೆಯೂ ತನ್ನಷ್ಟಕ್ಕೆ ತಾನು ನಡೆಯುವಂತಿಲ್ಲ. 1981ರ ವಾಯು ಕಾಯ್ದೆಯ 21ನೇ ಕಲಮಿನಂತೆ ಅದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸಮ್ಮತಿ ಪತ್ರ ಪಡೆಯಬೇಕು. ಯಾವ ಚಿಮಣಿ ಎಷ್ಟು ಎತ್ತರವಿರಬೇಕು, ಅದರಿಂದ ಎಷ್ಟು ಹೊಗೆ ಹೋಗಬಹುದು, ಧೂಳು ತಡೆಯಲು ಯಾವ ಉಪಕರಣ ಇರಬೇಕು ಎಂಬುದೆಲ್ಲ ಆ ಪತ್ರದ ಷರತ್ತುಗಳಲ್ಲಿ ಬರುತ್ತದೆ.

ಸಮ್ಮತಿ ಪಡೆದವರು ಪ್ರತಿ ವರ್ಷ ಒಂದು ಲೆಕ್ಕ ಒಪ್ಪಿಸಬೇಕು. ಪರಿಸರ ಸಂರಕ್ಷಣಾ ನಿಯಮಗಳ 14ನೇ ನಿಯಮ ಇದನ್ನು ಹೇಳುತ್ತದೆ. ಇದರ ಹೆಸರು ಪರಿಸರ ಹೇಳಿಕೆ. ಬರೆಯಬೇಕಾದ ಫಾರಂಗೆ ನಮೂನೆ 5 ಎನ್ನುತ್ತಾರೆ. ಮಾರ್ಚ್ 31ಕ್ಕೆ ಮುಗಿಯುವ ಹಣಕಾಸು ವರ್ಷದ ಲೆಕ್ಕವನ್ನು ಅದೇ ವರ್ಷದ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಸಲ್ಲಿಸಬೇಕು. 1993ರಿಂದ ಈ ನಿಯಮ ಜಾರಿಯಲ್ಲಿದೆ. ಅಂದರೆ ಮೂರು ದಶಕಗಳಿಗೂ ಹೆಚ್ಚು ಕಾಲದ ಲೆಕ್ಕ ಕಡತಗಳಲ್ಲಿ ಇರಬೇಕು.

ಆ ಫಾರಂನಲ್ಲಿ ಏನಿರುತ್ತದೆ? ಎಷ್ಟು ನೀರು, ಎಷ್ಟು ಕಚ್ಚಾವಸ್ತು ಬಳಸಿದರು ಎಂಬುದು ಒಂದು ಭಾಗ. ಅಪಾಯಕಾರಿ ತ್ಯಾಜ್ಯ ಎಷ್ಟು ಹುಟ್ಟಿತು, ಅದನ್ನು ಏನು ಮಾಡಿದರು ಎಂಬುದು ಇನ್ನೊಂದು. ಮಾಲಿನ್ಯ ಕಡಿಮೆ ಮಾಡಲು ಮುಂದೆ ಏನು ಮಾಡಲಿದ್ದಾರೆ, ಎಷ್ಟು ಹಣ ಹಾಕಲಿದ್ದಾರೆ ಎಂಬುದು ಮತ್ತೊಂದು. ನಮಗೆ ಮುಖ್ಯವಾದದ್ದು ‘ಸಿ’ ಭಾಗ. ಗಾಳಿಗೆ ಮತ್ತು ನೀರಿಗೆ ದಿನಕ್ಕೆ ಎಷ್ಟು ಮಾಲಿನ್ಯ ಬಿಟ್ಟರು, ಅದರ ಸಾಂದ್ರತೆ ಎಷ್ಟಿತ್ತು, ನಿಗದಿಪಡಿಸಿದ ಮಿತಿಗಿಂತ ಶೇಕಡಾ ಎಷ್ಟು ವ್ಯತ್ಯಾಸವಿತ್ತು, ಆ ವ್ಯತ್ಯಾಸಕ್ಕೆ ಕಾರಣವೇನು ಎಂದು ಅಲ್ಲಿ ಬರೆಯಬೇಕು.

ಕೇಂದ್ರದ ಪರಿಸರ ಅನುಮತಿ ಪಡೆದ ದೊಡ್ಡ ಯೋಜನೆಗಳಿಗೆ ಈ ಹೇಳಿಕೆಯನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಬೇಕೆಂಬ ಷರತ್ತನ್ನೂ ಸಾಮಾನ್ಯವಾಗಿ ವಿಧಿಸುತ್ತಾರೆ. ಆದರೆ ನಮ್ಮ ಮೊಹಲ್ಲಾಗಳ ಪಕ್ಕ ಇರುವುದೆಲ್ಲ ದೊಡ್ಡ ಕಂಪೆನಿಗಳಲ್ಲ. ಮೀನುಹಿಟ್ಟಿನ ಘಟಕ, ಎರಕದ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಜಲ್ಲಿ ಕ್ರಷರ್, ಟಾರ್ ಮಿಕ್ಸಿಂಗ್ ಪ್ಲಾಂಟ್ ಇಂಥವೇ ಹೆಚ್ಚು. ಇವುಗಳಲ್ಲಿ ಬಹುಪಾಲಿಗೆ ಆ ವೆಬ್‌ಸೈಟಿನ ಷರತ್ತು ಅನ್ವಯಿಸುವುದಿಲ್ಲ. ವೆಬ್‌ಸೈಟಿನಲ್ಲಿ ಹಾಕುವ ದೊಡ್ಡವರ ಹೇಳಿಕೆಯೂ ಇಂಗ್ಲಿಷಿನಲ್ಲಿ, ಅಂಕಿ ಅಂಶಗಳ ಕಾಡಿನ ನಡುವೆ ಇರುತ್ತದೆ. ಪಕ್ಕದ ಮನೆಯ ತಾಯಿಗೆ ಅದು ಇದ್ದೂ ಇಲ್ಲದಂತೆ.

ಭೋಪಾಲದ ನಂತರ ಅಲ್ಲೊಂದು, ಇಲ್ಲೊಂದು

ಕಾರ್ಖಾನೆಯ ಲೆಕ್ಕವನ್ನು ಜನರು ಓದಬೇಕು ಎಂಬ ವಿಚಾರ ಜಗತ್ತಿನಲ್ಲಿ ಬಲಗೊಂಡದ್ದು ನಮ್ಮ ದೇಶದ ಒಂದು ದುರಂತದ ನಂತರ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಸೋರಿತು. ಜೆ.ಪಿ. ನಗರ, ಕಾಜಿ ಕ್ಯಾಂಪ್‌ನಂಥ ಬಡವರ ಬಸ್ತಿಗಳು ಕಾರ್ಖಾನೆಯ ಗೋಡೆಗೆ ಹತ್ತಿರದಲ್ಲೇ ಇದ್ದವು. ಮಲಗಿದವರು ಎದ್ದು ಓಡಿದರು. ಸಾವಿರಾರು ಜನ ಸತ್ತರು. ಲಕ್ಷಾಂತರ ಜನರ ಕಣ್ಣು, ಶ್ವಾಸಕೋಶ ಜೀವನಪೂರ್ತಿ ಕೆಟ್ಟುಹೋಯಿತು. ಆಸ್ಪತ್ರೆಗೆ ಬಂದವರನ್ನು ನೋಡಿದ ವೈದ್ಯರಿಗೆ ಯಾವ ಅನಿಲ, ಅದಕ್ಕೆ ಏನು ಚಿಕಿತ್ಸೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಗೋಡೆಯ ಒಳಗೆ ಏನಿತ್ತು ಎಂದು ಗೋಡೆಯ ಹೊರಗಿನವರಿಗೆ ಯಾರೂ ಹೇಳಿರಲಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿದ್ದ ಅದೇ ಕಂಪೆನಿಯ ಕಾರ್ಖಾನೆಯಲ್ಲಿ ಬೇರೊಂದು ರಾಸಾಯನಿಕ ಸೋರಿತು. ಅಲ್ಲಿನ ಜನ ಎಚ್ಚೆತ್ತರು. 1986ರಲ್ಲಿ ಅಲ್ಲಿ ಸಮುದಾಯದ ತಿಳಿಯುವ ಹಕ್ಕಿನ ಕಾನೂನು ಬಂತು. ಪಟ್ಟಿಯಲ್ಲಿರುವ ವಿಷವಸ್ತುಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಬಳಸುವ ಕಾರ್ಖಾನೆಗಳು, ಗಾಳಿಗೆ, ನೀರಿಗೆ, ನೆಲಕ್ಕೆ ಎಷ್ಟೆಷ್ಟು ಬಿಟ್ಟೆವು ಎಂದು ಪ್ರತಿ ವರ್ಷ ಜುಲೈ 1ರೊಳಗೆ ಬರೆದು ಕೊಡಬೇಕು. ಸರ್ಕಾರ ಅದನ್ನು ಕಾರ್ಖಾನೆಯ ಹೆಸರಿನೊಂದಿಗೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. 1987ರ ಲೆಕ್ಕದಿಂದ ಇದು ಶುರುವಾಯಿತು.

ಈ ವರದಿಯ ಕಾನೂನು ಹೊಗೆಗೆ ಹೊಸ ಮಿತಿ ಹಾಕಲಿಲ್ಲ. ಬರೆಯಿರಿ, ತೋರಿಸಿರಿ ಎಂದಷ್ಟೇ ಹೇಳಿತು. ಆದರೂ ಮೊದಲ ಲೆಕ್ಕ ಹೊರಬೀಳುವ ಹೊತ್ತಿಗೇ, 1988ರಲ್ಲಿ, ಮೊನ್ಸಾಂಟೊ ಕಂಪೆನಿಯ ಮುಖ್ಯಸ್ಥರು ತಮ್ಮ ಕಾರ್ಖಾನೆಗಳು ಗಾಳಿಗೆ ಬಿಡುವ ವಿಷವಸ್ತುಗಳನ್ನು 1992ರ ಕೊನೆಯೊಳಗೆ ಶೇಕಡಾ 90ರಷ್ಟು ಇಳಿಸುತ್ತೇವೆ ಎಂದು ಬಹಿರಂಗವಾಗಿ ಮಾತು ಕೊಟ್ಟರು. ನೆರೆಹೊರೆಯವರು ನೋಡುತ್ತಾರೆ ಎಂಬ ಅರಿವಿಗೆ ಎಷ್ಟು ಬಲವಿದೆ ನೋಡಿ.

ನಮ್ಮಲ್ಲೂ ಭೋಪಾಲದ ನಂತರ 1986ರಲ್ಲೇ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆಯ ನಿಯಮಗಳಿಂದಲೇ ನಮೂನೆ 5 ಬಂದದ್ದು. ಕಣ್ಣೀರು ಹರಿದದ್ದು ಇಲ್ಲಿ. ಆದರೆ ಅದರಿಂದ ಕಲಿತ ಪಾಠದಲ್ಲಿ ವ್ಯತ್ಯಾಸವಾಯಿತು. ಅಲ್ಲಿ ಲೆಕ್ಕ ಜನರ ಕೈಗೆ ಹೋಯಿತು. ಇಲ್ಲಿ ಲೆಕ್ಕ ಕಡತದೊಳಗೆ ಹೋಯಿತು.

ಆ ಹೊಗೆ ದೇಹದೊಳಗೆ ಮಾಡುವುದೇನು?

ಇದು ಬರೀ ಕಾಗದದ ವಿಷಯವೆಂದು ಭಾವಿಸಬೇಡಿ. ಚಿಮಣಿಯಿಂದ ಬರುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕರಿಗಿಂತ ಕಾಣದ ಸಣ್ಣ ಕಣಗಳೇ ಹೆಚ್ಚು ಅಪಾಯಕಾರಿ. ಪಿಎಂ 2.5 ಎಂದು ಕರೆಯುವ ಕಣ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟಿರುತ್ತದೆ. ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಅದು ಸಿಕ್ಕುವುದಿಲ್ಲ. ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಉಬ್ಬಸ, ದೀರ್ಘಕಾಲದ ಕೆಮ್ಮು ಮಾತ್ರವಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವೂ ಇದರಿಂದ ಹೆಚ್ಚುತ್ತದೆ.

ಕಲ್ಲಿದ್ದಲು, ಫರ್ನೇಸ್ ಎಣ್ಣೆ ಉರಿಸಿದಾಗ ಬರುವ ಗಂಧಕದ ಡೈಆಕ್ಸೈಡ್ ಉಬ್ಬಸ ಇರುವವರ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಬಿಗಿಸಬಲ್ಲದು. ಪೆಟ್ರೋಲಿಯಂ ಮತ್ತು ದ್ರಾವಕಗಳಿಂದ ಆವಿಯಾಗುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಮಕ್ಕಳು ತಮ್ಮ ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಬಸುರಿಯರು ಉಸಿರಾಡುವ ಕೆಟ್ಟ ಗಾಳಿಗೂ ಕಡಿಮೆ ತೂಕದ ಕೂಸು ಹುಟ್ಟುವುದಕ್ಕೂ ನಂಟಿದೆ.

ಇನ್ನೊಂದು ವಿಷಯ ನೆನಪಿಡಿ. ನಮ್ಮ ದೇಶದಲ್ಲಿ ಗಾಳಿಯ ಗುಣಮಟ್ಟಕ್ಕೆ ಹಿಂದೆ ಕೈಗಾರಿಕಾ ಪ್ರದೇಶಕ್ಕೊಂದು, ವಸತಿ ಪ್ರದೇಶಕ್ಕೊಂದು ಮಿತಿ ಇತ್ತು. 2009ರಲ್ಲಿ ಆ ಭೇದ ತೆಗೆದು ಎರಡಕ್ಕೂ ಒಂದೇ ಮಿತಿ ಮಾಡಿದರು. ‘ಇದು ಇಂಡಸ್ಟ್ರಿಯಲ್ ಏರಿಯಾ, ಇಲ್ಲಿ ಇಷ್ಟು ಹೊಗೆ ಇರುವುದೇ’ ಎಂದು ಯಾರಾದರೂ ಹೇಳಿದರೆ ಅದಕ್ಕೆ ಕಾನೂನಿನ ಬೆಂಬಲವಿಲ್ಲ. ಪಿಎಂ 2.5ಕ್ಕೆ ವಾರ್ಷಿಕ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ ಬರೀ 5. ಆದ್ದರಿಂದ ನಮ್ಮ ಮಿತಿಯೊಳಗೆ ಇದ್ದರೂ ಅದು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಲಾಗದು. ಮಿತಿ ಮೀರಿದರಂತೂ ಕೇಳಲೇಬೇಕು.

‘ಮಿತಿಯೊಳಗೆ ಇದೆ’ ಎಂಬ ಉತ್ತರ ಸಾಲದು

ನೀವು ಹೋಗಿ ವಿಚಾರಿಸಿದರೆ ಬರುವ ಮೊದಲ ಉತ್ತರ ಇದೇ: ‘ನಮ್ಮದು ಮಿತಿಯೊಳಗೇ ಇದೆ’. ಇದು ನಿಜವೂ ಇರಬಹುದು. ಆದರೆ ಅಷ್ಟಕ್ಕೇ ಎದ್ದು ಬರಬೇಡಿ. ಸಾಂದ್ರತೆ ಬೇರೆ, ಒಟ್ಟು ಪ್ರಮಾಣ ಬೇರೆ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಚಿಮಣಿಯ ಹೊಗೆಯಲ್ಲಿ ಪ್ರತಿ ಘನ ಮೀಟರಿಗೆ 50 ಮಿಲಿಗ್ರಾಂ ಧೂಳು ಇದೆ ಎಂದಿಟ್ಟುಕೊಳ್ಳಿ. ಗಂಟೆಗೆ ಒಂದು ಲಕ್ಷ ಘನ ಮೀಟರ್ ಹೊಗೆ ಹೋಗುತ್ತದೆ ಎನ್ನಿ. ಆಗ ಗಂಟೆಗೆ 5 ಕಿಲೋ ಧೂಳು ಬಿದ್ದಂತಾಯಿತು. ದಿನಕ್ಕೆ 120 ಕಿಲೋ. ವರ್ಷದಲ್ಲಿ 330 ದಿನ ನಡೆದರೆ ಸುಮಾರು 40 ಟನ್, ಅಂದರೆ ಹತ್ತು ಟನ್ನಿನ ನಾಲ್ಕು ಲಾರಿ ಲೋಡ್. ಕಾರ್ಖಾನೆ ವಿಸ್ತರಣೆಯಾಗಿ ಅಂಥದೇ ಇನ್ನೊಂದು ಚಿಮಣಿ ಎದ್ದಿತು ಎನ್ನಿ. ಸಾಂದ್ರತೆ ಮೊದಲಿನ 50 ಮಿಲಿಗ್ರಾಮೇ. ಎರಡೂ ಚಿಮಣಿಗಳು ಮಿತಿಯೊಳಗೇ. ಆದರೆ ನಮ್ಮ ಛಾವಣಿ, ಬಾವಿಕಟ್ಟೆ, ಮಕ್ಕಳ ಎದೆಗೂಡಿನ ಕಡೆಗೆ ಬರುವುದು ಈಗ ಎಂಟು ಲೋಡ್.

ಸಾರಿಗೆ ನೀರು ಬೆರೆಸಿದರೆ ಉಪ್ಪು ಕಡಿಮೆಯಾದಂತೆ ಅನಿಸುತ್ತದೆ. ಹಾಕಿದ ಉಪ್ಪು ಮಾತ್ರ ಅಷ್ಟೇ ಇರುತ್ತದೆ. ಹೊಗೆಗೂ ಗಾಳಿ ಬೆರೆಸಿ ಸಾಂದ್ರತೆ ಇಳಿಸಿ ತೋರಿಸಬಹುದು. ಅದಕ್ಕೇ ವರ್ಷದ ಒಟ್ಟು ಪ್ರಮಾಣದ ಲೆಕ್ಕ ಬೇಕು ಎನ್ನುವುದು. ಈ ಮೋಸ ಹಿಡಿಯಲು ಇಂಜಿನಿಯರ್ ಆಗಬೇಕಿಲ್ಲ, ಗುಣಿಸಲು ಬಂದರೆ ಸಾಕು.

ಅಳೆಯುವವನ ಸಂಬಳ ಯಾರ ಕೈಯಿಂದ?

ಲೆಕ್ಕ ಬರೆಯುವುದು ಕಾರ್ಖಾನೆಯವರೇ. ಹೊಗೆ ಅಳೆಯುವ ಪ್ರಯೋಗಾಲಯಕ್ಕೆ ಹಣ ಕೊಡುವುದೂ ಬಹುತೇಕ ಅವರೇ. ಇದರಿಂದ ಏನಾಗುತ್ತದೆ ಎಂಬುದಕ್ಕೆ ಗುಜರಾತಿನಲ್ಲಿ ನಡೆದ ಒಂದು ಅಧ್ಯಯನ ಕನ್ನಡಿ ಹಿಡಿಯಿತು. 2009ರಿಂದ 2011ರವರೆಗೆ ಅಲ್ಲಿನ 473 ಕಾರ್ಖಾನೆಗಳಲ್ಲಿ ಸಂಶೋಧಕರು ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಪರೀಕ್ಷೆ ನಡೆಸಿದರು. ಕಾರ್ಖಾನೆಯೇ ಆರಿಸಿ ಹಣ ಕೊಟ್ಟ ಆಡಿಟರುಗಳ ವರದಿಯಲ್ಲಿ ಅಂಕಿಗಳು ಮಿತಿಗಿಂತ ಸ್ವಲ್ಪವೇ ಕೆಳಗೆ ಬಂದು ಗುಂಪುಗೂಡಿದ್ದವು. ಬೇರೆಯವರು ಹೋಗಿ ಅಳೆದಾಗ ನಿಜವಾದ ಹೊಗೆ ಹೆಚ್ಚೇ ಇತ್ತು.

ಉಳಿದ ಕಾರ್ಖಾನೆಗಳಿಗೆ ಕ್ರಮ ಬದಲಿಸಿದರು. ಯಾರು ಎಲ್ಲಿಗೆ ಹೋಗಬೇಕೆಂದು ಚೀಟಿ ಎತ್ತಿದಂತೆ ಗೊತ್ತುಮಾಡಿದರು. ಸಂಬಳವನ್ನು ಸಾಮೂಹಿಕ ನಿಧಿಯಿಂದ ಕೊಟ್ಟರು. ಕೆಲವು ವರದಿಗಳನ್ನು ಮತ್ತೊಮ್ಮೆ ಅಳೆದು ತಾಳೆ ನೋಡಿದರು. ಮಿತಿ ಮೀರಿದ್ದನ್ನು ಮಿತಿಯೊಳಗೆ ಇದೆ ಎಂದು ಸುಳ್ಳು ಬರೆಯುವುದು ಶೇಕಡಾ 80ರಷ್ಟು ಇಳಿಯಿತು. ಅಷ್ಟೇ ಅಲ್ಲ, ಆ ಕಾರ್ಖಾನೆಗಳು ಬಿಡುವ ಮಾಲಿನ್ಯವೂ ಕಡಿಮೆಯಾಯಿತು. ಅದೇ ಊರು, ಅದೇ ಆಡಿಟರುಗಳ ವೃತ್ತಿ, ಅದೇ ಕಾನೂನು. ಬದಲಾದದ್ದು ಅವರನ್ನು ಆರಿಸಿ, ಹಣ ಕೊಟ್ಟು, ತಪಾಸಣೆ ಮಾಡುವ ರೀತಿ.

2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಪರಿಸರ ಆಡಿಟ್ ನಿಯಮಗಳನ್ನು ಹೊರಡಿಸಿದೆ. ಆಡಿಟರನ್ನು ಕಾರ್ಖಾನೆಯೇ ಆರಿಸದೆ ಚೀಟಿ ಎತ್ತಿದಂತೆ ಗೊತ್ತುಮಾಡುವ ಮಾತು ಅದರಲ್ಲಿದೆ. ಒಳ್ಳೆಯದು. ಆದರೆ ಈ ಮಾತು ನಮ್ಮ ತಾಲೂಕಿನ ಕಾರ್ಖಾನೆಯ ಗೇಟಿನವರೆಗೆ ಬರಬೇಕಾದರೆ ಗೇಟಿನ ಹೊರಗೆ ಕೇಳುವವರಿರಬೇಕು.

ಸರಾಸರಿಯಲ್ಲಿ ಅಡಗಿದ ರಾತ್ರಿ

ಪ್ರಾಮಾಣಿಕವಾಗಿ ಬರೆದ ಲೆಕ್ಕದಲ್ಲೂ ಒಂದು ಕೊರತೆ ಇರುತ್ತದೆ. ಚಿಮಣಿಯ ಹೊಗೆಯನ್ನು ಕೈಯಾರೆ ಅಳೆಯುವುದು ಗೊತ್ತುಮಾಡಿದ ಕೆಲವು ದಿನಗಳಲ್ಲಿ. ಆ ಅಂಕಿಯನ್ನು ಇಡೀ ವರ್ಷಕ್ಕೆ ಗುಣಿಸುತ್ತಾರೆ. ಆದರೆ ಬಾಯ್ಲರ್ ಹೊತ್ತಿಸುವಾಗ, ಕರೆಂಟ್ ಹೋಗಿ ಧೂಳು ಹಿಡಿಯುವ ಉಪಕರಣ ನಿಂತಾಗ, ಚೀಲ ಹರಿದಾಗ ಬರುವ ಹೊಗೆ ಬೇರೆಯೇ. ವಾಲ್ವ್, ಟ್ಯಾಂಕ್, ಕಲ್ಲಿದ್ದಲು ರಾಶಿ, ಟಾರ್ಪಲ್ ಹೊದಿಸದ ಲಾರಿಗಳಿಂದ ಹಾರುವುದು ಚಿಮಣಿಯ ಲೆಕ್ಕಕ್ಕೆ ಬರುವುದೇ ಇಲ್ಲ. ನಡುರಾತ್ರಿ ಎದೆ ಉರಿಸುವ ವಾಸನೆ ಬಂದದ್ದು ನಿಮಗೆ ಗೊತ್ತು. ವರ್ಷದ ಸರಾಸರಿಗೆ ಅದು ಗೊತ್ತಿರುವುದಿಲ್ಲ.

ಸಿಮೆಂಟ್, ರಸಗೊಬ್ಬರ, ತೈಲ ಸಂಸ್ಕರಣೆ, ಉಷ್ಣ ವಿದ್ಯುತ್ ಮುಂತಾದ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳಿಗೆ ಹಗಲೂ ರಾತ್ರಿ ತಾನೇ ಅಳೆಯುವ ಯಂತ್ರ ಕೂರಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ಆದೇಶಿಸಿತು. ಯಂತ್ರ ಇದ್ದಲ್ಲಿ ರಾತ್ರಿಯ ಅಂಕಿಯೂ ಇರುತ್ತದೆ. ಹಾಗಾದರೆ ವಾರ್ಷಿಕ ಹೇಳಿಕೆಯಲ್ಲಿ ಎಷ್ಟು ಗಂಟೆ ಮಿತಿ ಮೀರಿತು, ಎಷ್ಟು ಗಂಟೆ ಯಂತ್ರ ಕೆಟ್ಟಿತ್ತು ಎಂದು ಪ್ರತ್ಯೇಕ ಬರೆಯಬೇಕೆಂದು ನಾವು ಕೇಳುವುದರಲ್ಲಿ ತಪ್ಪೇನಿದೆ?

ಕೆಲಸವೂ ಬೇಕು, ಉಸಿರೂ ಬೇಕು

ಇಷ್ಟು ಓದುವಾಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಅಳುಕು ಎದ್ದಿರುತ್ತದೆ. ನಮ್ಮ ಹುಡುಗರು ಅಲ್ಲೇ ಕೆಲಸ ಮಾಡುತ್ತಾರೆ. ಲಾರಿ ನಮ್ಮವರದ್ದೇ, ಗೇಟಿನ ಎದುರಿನ ಹೋಟೆಲ್ ನಮ್ಮವರದ್ದೇ. ಲೆಕ್ಕ ಕೇಳಿ ಕಾರ್ಖಾನೆ ಮುಚ್ಚಿಹೋದರೆ ಊಟಕ್ಕೇನು? ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಂಬಳ ತಪ್ಪಿದ ಮನೆಯಲ್ಲಿ ಔಷಧಿಯೂ ತಪ್ಪುತ್ತದೆ.

ಆದರೆ ಲೆಕ್ಕ ಕೇಳುವುದೂ ಬಾಗಿಲು ಮುಚ್ಚಿಸುವುದೂ ಒಂದೇ ಅಲ್ಲ. ಜಮಾಅತ್‌ನ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುತ್ತಾರೆ. ನಾವು ಎದ್ದು ಪ್ರಶ್ನೆ ಕೇಳುತ್ತೇವೆ. ಅದರಿಂದ ಮಸೀದಿ ಮುಚ್ಚಿತೇ? ಲೆಕ್ಕ ಸರಿ ಇದ್ದ ಆಡಳಿತ ಸಮಿತಿಯ ಗೌರವ ಹೆಚ್ಚಾಯಿತು ಅಷ್ಟೇ. ಇನ್ನು, ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವನು ಒಳಗೆ ಪಾಳಿಯಲ್ಲಿ ನಿಂತ ನಮ್ಮ ಹುಡುಗನೇ. ಹರಿದ ಚೀಲ ಬದಲಾದರೆ ಮೊದಲ ಲಾಭ ಅವನಿಗೆ.

‘ಅಂಕಿ ಅಂಶ ಜನರಿಗೆ ಅರ್ಥವಾಗುವುದಿಲ್ಲ, ಸುಮ್ಮನೆ ಗಾಬರಿಯಾಗುತ್ತಾರೆ’ ಎಂಬ ವಾದವೂ ಇದೆ. ಗಾಬರಿ ಹುಟ್ಟುವುದು ಕತ್ತಲೆಯಲ್ಲಿ. ಏನೂ ತಿಳಿಯದೆ ಇದ್ದಾಗ ವಾಟ್ಸಾಪ್ ಸುದ್ದಿಯೇ ಸತ್ಯವಾಗುತ್ತದೆ. ಮಹಾರಾಷ್ಟ್ರದ ಮಾಲಿನ್ಯ ನಿಯಂತ್ರಣ ಮಂಡಳಿ 2017ರಲ್ಲಿ ಕಾರ್ಖಾನೆಗಳ ಚಿಮಣಿಯ ಧೂಳನ್ನು ನೋಡಿ ಒಂದರಿಂದ ಐದು ನಕ್ಷತ್ರದವರೆಗೆ ಅಂಕ ಕೊಟ್ಟು ಸಾರ್ವಜನಿಕವಾಗಿ ಪ್ರಕಟಿಸುವ ಕ್ರಮ ಆರಂಭಿಸಿತು. ಪಕ್ಕದ ರಾಜ್ಯದ ಜನರಿಗೆ ಅರ್ಥವಾಗುವುದು ನಮಗೆ ಅರ್ಥವಾಗದೇ?

ಕಾರ್ಖಾನೆ ನಡೆಸುವವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಅವರಲ್ಲಿ ಒಂದು ಮಾತು. ಕಾನೂನು ಒತ್ತಾಯಿಸುವವರೆಗೆ ಕಾಯಬೇಡಿ. ನಿಮ್ಮ ವಾರ್ಷಿಕ ಹೇಳಿಕೆಯನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಗೇಟಿಗೆ ಅಂಟಿಸಿ. ಅಂಕಿ ಚೆನ್ನಾಗಿಲ್ಲದಿದ್ದರೂ ಅಂಟಿಸಿ, ಯಾವಾಗ ಸರಿಪಡಿಸುತ್ತೀರಿ ಎಂದು ಕೆಳಗೆ ಬರೆಯಿರಿ. ನೆರೆಯವರ ಜೊತೆಗಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನೀವು ಮಾಡಬಹುದಾದದ್ದು

ಮೊದಲು ಸಮ್ಮತಿ ಪತ್ರ. ವಾಯು ಕಾಯ್ದೆಯ 51ನೇ ಕಲಮಿನಂತೆ ಸಮ್ಮತಿ ಪಡೆದವರ ವಿವರ ಮತ್ತು ಅವರಿಗೆ ಗೊತ್ತುಪಡಿಸಿದ ಮಿತಿಗಳ ರಿಜಿಸ್ಟರನ್ನು ಮಂಡಳಿ ಇಡಬೇಕು. ಆ ಹೊಗೆಯಿಂದ ಬಾಧಿತರಾದ ಯಾರೇ ಆಗಲಿ ಕಚೇರಿ ಸಮಯದಲ್ಲಿ ಹೋಗಿ ಅದನ್ನು ನೋಡಬಹುದು. ಜಿಲ್ಲೆಯ ಪರಿಸರ ಅಧಿಕಾರಿಯ ಕಚೇರಿಗೆ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಮೂರ್ನಾಲ್ಕು ಮಂದಿ ಹೋಗಿ. ಮಹಿಳೆಯರೂ ಹೋಗಲಿ. ಮಗುವಿನ ಉಬ್ಬಸದ ರಾತ್ರಿಗಳನ್ನು ಎಣಿಸಿದವರು ಅವರೇ.

ಎರಡನೆಯದು ಮಾಹಿತಿ ಹಕ್ಕು. 2005ರ ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಮಂಡಳಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಇಟ್ಟರೆ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಉದ್ದ ಕತೆ ಬೇಡ. ‘ಇಂಥ ಕಾರ್ಖಾನೆ ಸಲ್ಲಿಸಿದ ಕಳೆದ ಮೂರು ವರ್ಷಗಳ ನಮೂನೆ 5ರ ದೃಢೀಕೃತ ಪ್ರತಿ ಕೊಡಿ’ ಎಂದಿಷ್ಟೇ ಬರೆಯಿರಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಹೇಳಿಕೆಯನ್ನು ಸಲ್ಲಿಸಿಯೇ ಇಲ್ಲ ಎಂದು ಉತ್ತರ ಬಂದರೆ ಅದೇ ಒಂದು ದೊಡ್ಡ ಮಾಹಿತಿ. ಅದನ್ನು ಹಿಡಿದು ಮಂಡಳಿಗೆ ದೂರು ಕೊಡಿ.

ಮೂರನೆಯದು ಓದುವುದು. ಕೈಗೆ ಬಂದ ಹಾಳೆಯಲ್ಲಿ ನಾಲ್ಕು ವಿಷಯ ನೋಡಿ. ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದ್ದಾರೆಯೇ? ಮೂರು ವರ್ಷವೂ ಅದೇ ಅಂಕಿ ಇದೆಯೇ? ಇದ್ದರೆ ಹಳೆಯ ಹಾಳೆಯನ್ನೇ ನಕಲು ಮಾಡಿರುವ ಸಂಶಯ ಪಡಬಹುದು. ಉತ್ಪಾದನೆ ಹೆಚ್ಚಿದ್ದರೂ ದಿನದ ಹೊಗೆ ಹೆಚ್ಚಿಲ್ಲವೆಂದರೆ ಹೊಸ ಉಪಕರಣ ಹಾಕಿದ್ದಾರೆಯೇ? ಸಮ್ಮತಿ ಪತ್ರದಲ್ಲಿರುವ ಎಲ್ಲ ಮಾಲಿನ್ಯಕಾರಕಗಳೂ ಹೇಳಿಕೆಯಲ್ಲಿವೆಯೇ, ಯಾವುದಾದರೂ ಬಿಟ್ಟುಹೋಗಿದೆಯೇ? ಪಿಯುಸಿ ವಿಜ್ಞಾನ ಓದುವ ನಿಮ್ಮ ಮಗಳು ಒಂದು ಸಂಜೆಯಲ್ಲಿ ಇದನ್ನು ಮಾಡಿ ಮುಗಿಸುತ್ತಾಳೆ.

ನಾಲ್ಕನೆಯದು ನಿಮ್ಮದೇ ಲೆಕ್ಕ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ವಾಸನೆ ಅಥವಾ ಹೊಗೆ ಬಂದ ದಿನ, ಗಂಟೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಯಾರಿಗೆ ಕೆಮ್ಮು ಬಂತು, ಇನ್ಹೇಲರ್ ಎಷ್ಟು ಸಲ ಬೇಕಾಯಿತು ಎಂದು ಬರೆಯಿರಿ. ‘ಯಾವಾಗಲೂ ಹೊಗೆ ಬರುತ್ತದೆ ಸಾರ್’ ಎಂಬ ದೂರಿಗಿಂತ ಹತ್ತು ಮನೆಗಳ ಮೂರು ತಿಂಗಳ ನೋಟ್‌ಬುಕ್ಕಿಗೆ ಕಚೇರಿಯಲ್ಲಿ ತೂಕ ಹೆಚ್ಚು.

ಈ ನೋಟ್‌ಬುಕ್ ಬರೆಯುವಾಗ ನಮ್ಮ ಮನೆಯೊಳಗೂ ಕಣ್ಣು ಹಾಯಿಸೋಣ. ಸೌದೆ ಒಲೆ, ಸೊಳ್ಳೆ ಬತ್ತಿ, ಬಾಗಿಲು ಹಾಕಿಕೊಂಡು ಹಾಕುವ ಲೋಬಾನ, ಮನೆಯ ಗಂಡಸರ ಬೀಡಿ ಸಿಗರೇಟು, ಹಿತ್ತಲಲ್ಲಿ ಉರಿಸುವ ಪ್ಲಾಸ್ಟಿಕ್ ಇವೂ ಅದೇ ಎದೆಗೆ ಇಳಿಯುವ ಹೊಗೆ. ಒಂದು ಮಗುವಿನ ಉಬ್ಬಸಕ್ಕೆ ಇಂಥದೇ ಚಿಮಣಿ ಕಾರಣ ಎಂದು ವಾರ್ಷಿಕ ಲೆಕ್ಕ ನೋಡಿ ಹೇಳಲು ಬರುವುದಿಲ್ಲ. ವೈದ್ಯರಿಗೆ ತೋರಿಸಿ, ಔಷಧಿ ನಿಲ್ಲಿಸಬೇಡಿ. ನಮ್ಮ ಕಡೆಯ ಹೊಗೆ ನಾವು ಕಡಿಮೆ ಮಾಡಿಕೊಂಡರೆ ಎದುರಿನವರ ಹೊಗೆಯ ಬಗ್ಗೆ ಮಾತಾಡುವಾಗ ಧ್ವನಿ ಗಟ್ಟಿಯಾಗುತ್ತದೆ.

ಕೊನೆಯದಾಗಿ ಒಂದು ಬೇಡಿಕೆಯನ್ನು ಎಲ್ಲರೂ ಸೇರಿ ಇಡೋಣ. ಊರಿನ ಪ್ರತಿ ಕಾರ್ಖಾನೆಯ ವಾರ್ಷಿಕ ಪರಿಸರ ಹೇಳಿಕೆ ಕನ್ನಡದಲ್ಲಿ, ಒಂದೇ ಪುಟದಲ್ಲಿ, ಒಟ್ಟು ಟನ್ನಿನ ಲೆಕ್ಕದೊಂದಿಗೆ ಗ್ರಾಮ ಪಂಚಾಯತ್ ಅಥವಾ ಪುರಸಭೆಯ ನೋಟಿಸ್ ಬೋರ್ಡಿಗೆ ಬರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿಗೂ ಒಂದು ಪ್ರತಿ ಹೋಗಲಿ. ಇದು ಒಂದು ಸಮುದಾಯದ ಬೇಡಿಕೆಯಾಗಬಾರದು. ಗಾಳಿ ಯಾರ ಬೀದಿ ಎಂದು ನೋಡಿ ಬೀಸುವುದಿಲ್ಲ. ಜಮಾಅತ್ ಸಮಿತಿಯವರು ಪಕ್ಕದ ಭಜನಾ ಮಂದಿರದವರನ್ನೂ ಚರ್ಚಿನವರನ್ನೂ ಯುವಕ ಮಂಡಲದವರನ್ನೂ ಕರೆದುಕೊಂಡು ಗ್ರಾಮಸಭೆಗೆ ಹೋಗಲಿ.

ಸೆಪ್ಟೆಂಬರ್ 30 ಪ್ರತಿ ವರ್ಷ ಬರುತ್ತದೆ, ಹೋಗುತ್ತದೆ. ಅಕ್ಟೋಬರ್ ಮೊದಲ ವಾರದಲ್ಲಿ ನಿಮ್ಮ ಮೊಹಲ್ಲಾದಿಂದ ಒಂದು ಅರ್ಜಿ ಹೋಗಲಿ. ಹತ್ತು ರೂಪಾಯಿ, ಒಂದು ಹಾಳೆ, ಒಂದು ಸಹಿ. ಓದುವವರು ಇದ್ದಾರೆಂದು ಗೊತ್ತಾದ ವರ್ಷದಿಂದ ಬರೆಯುವವರ ಕೈ ಎಚ್ಚರವಾಗುತ್ತದೆ.